ಡ್ರೋನ್ ಹಾರಿಸೋಕೆ, ವಿಡಿಯೊ ತೆಗೆಯೋಕೆ ಯಾವ ಆ್ಯಪ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೋನ್ ಕೊಂಡವರು ಮೊದಲ ವಾರ ಡ್ರೋನ್ ಬಗ್ಗೆ ಕೇಳುತ್ತಾರೆ. ಎರಡನೇ ವಾರದಿಂದ ಕೇಳುವುದೆಲ್ಲ ಆ್ಯಪ್ ಬಗ್ಗೆ. ಫೋನಿನಲ್ಲಿ, ಪತ್ರದಲ್ಲಿ, ಎದುರು ಸಿಕ್ಕಾಗ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ತಲೆ ಓಡಿಸಬೇಕಾದದ್ದು ಆಮೇಲೆ.

## ಹೊಸಬರಿಗೆ

ಒಟ್ಟು ಎಷ್ಟು ಆ್ಯಪ್ ಬೇಕು? ಪಟ್ಟಿ ನೋಡಿದ್ರೇ ತಲೆ ತಿರುಗುತ್ತೆ.

ನಾಲ್ಕು ಸಾಕು. ಹಾರಿಸೋಕೆ ಒಂದು, ಗಾಳಿ ನೋಡೋಕೆ ಒಂದು, ಈ ಜಾಗದಲ್ಲಿ ಹಾರಿಸಬಹುದಾ ಅಂತ ತಿಳಿಯೋಕೆ ಒಂದು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅಂತ ನೋಡೋಕೆ ಒಂದು. ಎಡಿಟಿಂಗ್ ಮನೆಗೆ ಬಂದ ಮೇಲಿನ ಕೆಲಸ, ಅದರ ಲೆಕ್ಕ ಬೇರೆ. ಈ ನಾಲ್ಕರಲ್ಲಿ ಮೂರರ ಕೆಲಸ ಡ್ರೋನ್ ನೆಲ ಬಿಡುವ ಮೊದಲೇ ಮುಗಿದಿರುತ್ತದೆ, ಗಮನಿಸಿದ್ರಾ? ಹಾಗಾಗಿ ಹೊಸ ಆ್ಯಪ್ ಕಂಡಾಗೆಲ್ಲ ನಾನು ಕೇಳಿಕೊಳ್ಳುವುದು ಒಂದೇ: ಇದು ಮನೆಯಲ್ಲಿ ಕೂತು ನೋಡುವಂಥದ್ದಾ, ಹಾರುವಾಗ ನೋಡುವಂಥದ್ದಾ? ಹಾರುವಾಗ ನೋಡಬೇಕಾದ ಆ್ಯಪ್ ಒಂದಕ್ಕಿಂತ ಜಾಸ್ತಿ ಆದರೆ ಕಣ್ಣು ಡ್ರೋನ್ ಮೇಲೆ ಇರುವುದಿಲ್ಲ.

ಡ್ರೋನ್ ಕಂಪನಿಯದೇ ಆ್ಯಪ್ ಹಾಕ್ಬೇಕಾ, ಬೇರೆ ಒಳ್ಳೇದು ಯಾವುದಾದ್ರೂ ಇದೆಯಾ?

ಮೊದಲ ಕೆಲವು ತಿಂಗಳು ಕಂಪನಿಯದೇ ಇರಲಿ. ಹಾರಾಟದ ಆ್ಯಪ್ ನಮ್ಮ ಇಷ್ಟದ ಪ್ರಶ್ನೆ ಅಲ್ಲ, ಅದು ಮಾಡೆಲ್ ಜೊತೆ ಜೋಡಿಯಾಗಿ ಬರುತ್ತದೆ. ಡಿಜೆಐ ಕಂಪನಿಯ ಡ್ರೋನ್‌ಗಳಲ್ಲೇ ನೋಡಿ: ಮಿನಿ ಸರಣಿ, ಏರ್ 2, ಮ್ಯಾವಿಕ್ 3 ಇವೆಲ್ಲ ಡಿಜೆಐ ಫ್ಲೈನಲ್ಲಿ ಹಾರುತ್ತವೆ. ಹಳೆಯ ಮ್ಯಾವಿಕ್ ಪ್ರೊ, ಮ್ಯಾವಿಕ್ 2, ಫ್ಯಾಂಟಮ್ 4, ಸ್ಪಾರ್ಕ್ ಇದ್ದವರಿಗೆ ಡಿಜೆಐ ಗೋ 4 ಬೇಕು. ಪ್ಯಾರಟ್ ಕಂಪನಿಯ ಅನಾಫಿಗೆ ಫ್ರೀಫ್ಲೈಟ್ 6. ಸೆಕೆಂಡ್ ಹ್ಯಾಂಡ್ ಡ್ರೋನ್ ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಿ. ಡ್ರೋನ್ ಚೆನ್ನಾಗಿದ್ದು ಅದರ ಹಳೇ ಆ್ಯಪ್ ನಿಮ್ಮ ಹೊಸ ಫೋನಿನಲ್ಲಿ ಸರಿಯಾಗಿ ಓಡದಿದ್ದರೆ ದುಡ್ಡು ದಂಡ.

ಪ್ಲೇ ಸ್ಟೋರ್‌ನಲ್ಲಿ ಡಿಜೆಐ ಫ್ಲೈ ಹುಡುಕಿದ್ರೆ ಬೇರೆ ಏನೇನೋ ಬರುತ್ತೆ. ಯಾವುದು ಹಾಕ್ಲಿ?

ಯಾವುದನ್ನೂ ಹಾಕಬೇಡಿ. ಆಂಡ್ರಾಯ್ಡ್ ಫೋನಿಗೆ ಆ ಆ್ಯಪನ್ನು ಡಿಜೆಐ ವೆಬ್‌ಸೈಟ್‌ನಿಂದಲೇ ನೇರವಾಗಿ ಇಳಿಸಿಕೊಳ್ಳಬೇಕು. ಐಫೋನ್ ಆದರೆ ಆ್ಯಪ್ ಸ್ಟೋರ್‌ನಲ್ಲಿ ಸಿಗುತ್ತದೆ. ಹೆಸರು, ಚಿಹ್ನೆ ಒಂದೇ ತರ ಕಾಣುವ ಆ್ಯಪ್‌ಗಳಲ್ಲಿ ಕೆಲವು ಬರೀ ಮಾಹಿತಿಯವು, ಕೆಲವು ಜಾಹೀರಾತು ತೋರಿಸೋಕೇ ಮಾಡಿದವು. ಯಾರೋ ಕಳಿಸಿದ ಫೈಲ್‌ನಿಂದಲೂ ಹಾಕಿಕೊಳ್ಳಬೇಡಿ. ನಿಮ್ಮ ಲೊಕೇಶನ್, ಫೋಟೊ, ಡ್ರೋನ್ ಎಲ್ಲ ಆ ಆ್ಯಪ್ ಕೈಗೆ ಹೋಗುತ್ತದೆ.

ಫೋನ್ ಎಂಥದ್ದಿರಬೇಕು? ಬಿಸಿಲಲ್ಲಿ ಸ್ಕ್ರೀನ್ ಕಾಣೋದೇ ಇಲ್ಲ.

ದುಬಾರಿ ಫೋನ್ ಬೇಕಿಲ್ಲ, ಬೆಳಕು ಜಾಸ್ತಿ ಕೊಡುವ ಸ್ಕ್ರೀನ್ ಬೇಕು. ಆದರೆ ಬ್ರೈಟ್‌ನೆಸ್ ಪೂರ್ತಿ ಏರಿಸಿ ಬಿಸಿಲಿನಲ್ಲಿ ಹಿಡಿದರೆ ಫೋನ್ ಕಾದುಹೋಗುತ್ತದೆ, ಕಾದ ಫೋನ್ ತಾನಾಗಿಯೇ ಸ್ಕ್ರೀನ್ ಮಂಕು ಮಾಡುತ್ತದೆ. ಆಗ ಎಷ್ಟು ಒತ್ತಿದರೂ ಬೆಳಕು ಏರುವುದಿಲ್ಲ. ದಪ್ಪ ಕವರ್ ತೆಗೆಯಿರಿ, ಮರದ ನೆರಳಿನಲ್ಲಿ ನಿಂತು ಹಾರಿಸಿ, ಹಾರಿಸುವಾಗ ಚಾರ್ಜ್‌ಗೆ ಹಾಕಬೇಡಿ.

ಇನ್ನೊಂದು ಮಾತು. ಹಾರಿಸುವಾಗ ಫೋನ್‌ಗೆ ಕರೆ ಬರಬಾರದು. ಒಮ್ಮೆ ಎರಡು ಮರಗಳ ನಡುವಿನಿಂದ ಡ್ರೋನನ್ನು ಹಿಂದಕ್ಕೆ ತರುತ್ತಿದ್ದೆ. ಕೊಂಬೆ ಎಷ್ಟು ದೂರ ಅಂತ ಸ್ಕ್ರೀನ್ ನೋಡುತ್ತಿರುವಾಗಲೇ ಕರೆ ಬಂದು ಚಿತ್ರ ಮಾಯ. ಎರಡೂ ಹೆಬ್ಬೆರಳು ರಿಮೋಟ್‌ನ ಸ್ಟಿಕ್ ಮೇಲಿವೆ, ಕರೆ ಕಟ್ ಮಾಡೋಕೆ ಮೂರನೇ ಕೈ ಇಲ್ಲ. ಸ್ಟಿಕ್ ಬಿಟ್ಟೆ, ಡ್ರೋನ್ ಅಲ್ಲೇ ನಿಂತಿತು, ಆಮೇಲೆ ಕರೆ ಕಟ್ ಮಾಡಿದೆ. ಎದೆ ಮಾತ್ರ ಸುಮಾರು ಹೊತ್ತು ಹೊಡೆದುಕೊಳ್ಳುತ್ತಿತ್ತು. ಅಂದಿನಿಂದ ಪ್ರೊಪೆಲ್ಲರ್ ತಿರುಗುವ ಮೊದಲು ಏರೋಪ್ಲೇನ್ ಮೋಡ್. ನೆಟ್ ಇಲ್ಲದಿದ್ದರೆ ನಕ್ಷೆ ಬರುವುದಿಲ್ಲ, ಅದಕ್ಕೆ ಆ ಜಾಗದ ನಕ್ಷೆಯನ್ನು ಮನೆಯಲ್ಲೇ ಒಮ್ಮೆ ದೊಡ್ಡದು ಮಾಡಿ ನೋಡಿಟ್ಟುಕೊಳ್ಳಿ.

ಹಾರುವಾಗ ಆ್ಯಪ್ ಕ್ರ್ಯಾಶ್ ಆದ್ರೆ ಡ್ರೋನ್ ಬೀಳುತ್ತಾ?

ರಿಮೋಟ್ ಇರುವ ಡ್ರೋನ್ ಆದರೆ ಬೀಳುವುದಿಲ್ಲ. ಡ್ರೋನ್ ಮಾತಾಡುವುದು ರಿಮೋಟ್ ಜೊತೆ. ಫೋನ್ ಬರೀ ಚಿತ್ರ ತೋರಿಸುತ್ತದೆ, ಸೆಟ್ಟಿಂಗ್ ಬದಲಿಸುತ್ತದೆ. ಆ್ಯಪ್ ಸತ್ತರೂ ಸ್ಟಿಕ್ ಕೆಲಸ ಮಾಡುತ್ತದೆ, ಏರಿಸಿದ ಜಾಗಕ್ಕೆ ಡ್ರೋನನ್ನು ವಾಪಸ್ ಕರೆಯುವ ರಿಟರ್ನ್ ಟು ಹೋಮ್ ಬಟನ್ ರಿಮೋಟ್ ಮೇಲಿರುತ್ತದಲ್ಲ, ಅದೂ ಕೆಲಸ ಮಾಡುತ್ತದೆ. ಗಾಬರಿಯಲ್ಲಿ ರಿಮೋಟ್ ಆಫ್ ಮಾಡಬೇಡಿ, ಅಷ್ಟೇ. ರಿಮೋಟ್ ಇಲ್ಲದೆ ಫೋನಿನ ವೈಫೈನಲ್ಲೇ ಹಾರುವ ಚಿಕ್ಕ ಡ್ರೋನ್‌ಗಳ ಕಥೆ ಬೇರೆ: ಅಲ್ಲಿ ಫೋನೇ ರಿಮೋಟ್. ಸಂಪರ್ಕ ಕಡಿದಾಗ ಅದು ನಿಲ್ಲುತ್ತದಾ, ಇಳಿಯುತ್ತದಾ, ವಾಪಸ್ ಬರುತ್ತದಾ ಅಂತ ಅದರ ಪುಸ್ತಕದಲ್ಲಿ ಓದಿಕೊಂಡೇ ಮೇಲೆ ಬಿಡಿ.

ಅಪ್‌ಡೇಟ್ ಬಂದ ಕೂಡಲೇ ಹಾಕ್ಬೇಕಾ?

ಹಾಕಿ, ಆದರೆ ಮನೆಯಲ್ಲಿ, ಎರಡು ದಿನ ಮುಂಚೆ. ಹೊರಡುವ ಬೆಳಿಗ್ಗೆ ಬೇಡವೇ ಬೇಡ. ಆ್ಯಪ್ ಹೊಸದಾದರೆ ಡ್ರೋನ್, ರಿಮೋಟ್ ಫರ್ಮ್‌ವೇರನ್ನೂ, ಅಂದರೆ ಅವುಗಳ ಒಳಗೇ ಓಡುವ ಸಾಫ್ಟ್‌ವೇರನ್ನೂ, ಹೊಸದು ಮಾಡಿ ಅಂತ ಕೇಳುತ್ತದೆ. ಮೂರು ಬ್ಯಾಟರಿ ಇದ್ದರೆ ಒಂದೊಂದನ್ನೂ ಡ್ರೋನ್‌ಗೆ ಹಾಕಿ ನೋಡಿ, ಬ್ಯಾಟರಿಗೂ ಫರ್ಮ್‌ವೇರ್ ಇರುತ್ತದೆ. ಆಮೇಲೆ ಖಾಲಿ ಜಾಗದಲ್ಲಿ ಎದೆ ಮಟ್ಟದಲ್ಲಿ ಎರಡು ನಿಮಿಷ ಹಾರಿಸಿ. ಸೆಟ್ಟಿಂಗ್‌ಗಳು, ಅದರಲ್ಲೂ ವಾಪಸ್ ಬರುವ ಎತ್ತರ, ಮೊದಲಿನಂತೆಯೇ ಇವೆಯಾ ಅಂತ ಒಮ್ಮೆ ತೆರೆದು ನೋಡಿ.

## ಗಾಳಿ, ಬೆಳಕು, ಜಾಗ

ಹವಾಮಾನ ಆ್ಯಪ್‌ನಲ್ಲಿ ಗಾಳಿ ಕಡಿಮೆ ಅಂತಿತ್ತು. ಮೇಲೆ ಹೋದ ಮೇಲೆ ಡ್ರೋನ್ ವಾಪಸ್ ಬರೋಕೇ ಒದ್ದಾಡ್ತು. ಯಾಕೆ?

ಮಾಮೂಲಿ ಹವಾಮಾನ ಆ್ಯಪ್ ಹೇಳುವುದು ನೆಲದಿಂದ 10 ಮೀಟರ್ ಎತ್ತರದ ಗಾಳಿ. ನೀವು ಹಾರಿಸುವುದು 60, 80, 100 ಮೀಟರ್‌ನಲ್ಲಿ. ಮರ, ಮನೆ, ಗುಡ್ಡ ಎಲ್ಲ ಕೆಳಗಿನ ಗಾಳಿಯನ್ನು ತಡೆಯುತ್ತವೆ, ಮೇಲೆ ತಡೆಯೋಕೆ ಏನೂ ಇಲ್ಲ. ನಿಮ್ಮ ಅಂಗಿ ಅಲ್ಲಾಡದೇ ಇರುವಾಗ ಮೇಲೆ ಜೋರು ಗಾಳಿ ಇರಬಹುದು. ಯುಎವಿ ಫೋರ್‌ಕಾಸ್ಟ್ ಅನ್ನುವ ಆ್ಯಪ್ ಡ್ರೋನ್‌ನವರಿಗಾಗಿಯೇ ಮಾಡಿದ್ದು, ಅದು ಬೇರೆ ಬೇರೆ ಎತ್ತರದ ಗಾಳಿಯನ್ನು ಬೇರೆ ಬೇರೆ ತೋರಿಸುತ್ತದೆ. ವಿಂಡಿ ಆ್ಯಪ್‌ನಲ್ಲೂ 100 ಮೀಟರ್ ಎತ್ತರ ಆರಿಸಿ ನೋಡಬಹುದು. ನಾನು ಎರಡೂ ನೋಡುತ್ತೇನೆ. ಎರಡೂ ಒಂದೇ ಮಾತು ಹೇಳಿದರೆ ಹೊರಡುತ್ತೇನೆ, ಜಗಳವಾಡಿದರೆ ಜಾಸ್ತಿ ಗಾಳಿ ಹೇಳಿದ್ದನ್ನೇ ನಂಬುತ್ತೇನೆ.

ಸರಾಸರಿ ಗಾಳಿಗಿಂತ ಗಸ್ಟ್ ಅನ್ನುವ ಸಾಲು ನೋಡಿ, ಅಂದರೆ ಇದ್ದಕ್ಕಿದ್ದಂತೆ ಬೀಸುವ ಗಾಳಿ. ಡ್ರೋನ್ ಪುಸ್ತಕದಲ್ಲಿ ತಡೆಯುವ ಗಾಳಿ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಇರುತ್ತದೆ, ಆ್ಯಪ್‌ನಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ಅಂತ. 3.6ರಿಂದ ಗುಣಿಸಿ: 10 ಮೀಟರ್ ಅಂದರೆ 36 ಕಿಲೋಮೀಟರ್.

ಈಗ ವಾಪಸ್ ಬರುವ ಲೆಕ್ಕ. ನಿಮ್ಮ ಡ್ರೋನ್ ವೇಗ ಸೆಕೆಂಡಿಗೆ 15 ಮೀಟರ್, ಎದುರುಗಾಳಿ 8 ಮೀಟರ್ ಅಂದುಕೊಳ್ಳಿ. ಉಳಿಯುವುದು 7. ಗಾಳಿ ಇಲ್ಲದ ದಿನ ಒಂದು ಕಿಲೋಮೀಟರ್ ಬರೋಕೆ ಒಂದು ನಿಮಿಷ 7 ಸೆಕೆಂಡ್ ಸಾಕಿತ್ತು, ಇವತ್ತು ಎರಡು ನಿಮಿಷ 20 ಸೆಕೆಂಡ್ ದಾಟುತ್ತದೆ. ಅಷ್ಟೂ ಹೊತ್ತು ಮೋಟರ್ ಪೂರ್ತಿ ದಮ್ಮು ಕಟ್ಟಿ ತಿರುಗುತ್ತಿರುತ್ತದೆ. ಅದಕ್ಕೇ ಗಾಳಿ ಇರುವ ದಿನ ಮೊದಲು ಗಾಳಿಗೆ ಎದುರಾಗಿ ಹೋಗಿ, ವಾಪಸ್ ಬರುವಾಗ ಗಾಳಿಯೇ ತಳ್ಳಿಕೊಂಡು ಬರಲಿ.

ಕೆಪಿ ಇಂಡೆಕ್ಸ್ ಅಂತ ಒಂದು ನಂಬರ್ ಇರುತ್ತಲ್ಲ, ಅದೇನು?

ಸೂರ್ಯನ ಕಡೆಯಿಂದ ಬಂದ ಕಣಗಳಿಂದ ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಾಡಿದೆ ಅನ್ನುವ ಅಳತೆ. 0ಯಿಂದ 9ರವರೆಗೆ. 5 ಮತ್ತು ಮೇಲೆ ಅಂದರೆ ಕಾಂತ ಬಿರುಗಾಳಿ, ಜಿಪಿಎಸ್ ತಪ್ಪು ತೋರಿಸುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಕೆಳಗಿದ್ದರೆ ಚಿಂತೆ ಬೇಡ. ನಿಜ ಹೇಳಬೇಕಂದ್ರೆ ದಿಕ್ಸೂಚಿ ಕೆಡುವುದು ಆಕಾಶದಿಂದ ಅಲ್ಲ, ಕಾಲ ಕೆಳಗಿನ ಕಬ್ಬಿಣದಿಂದ. ಕಾರಿನ ಬಾನೆಟ್ ಮೇಲಿಂದ, ಕಬ್ಬಿಣದ ಸರಳಿರುವ ಕಾಂಕ್ರೀಟ್ ತಾರಸಿಯಿಂದ ಡ್ರೋನ್ ಏರಿಸಬೇಡಿ.

ಬೆಳಗಿನ ಹೊಂಬಣ್ಣದ ಬೆಳಕು ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬರುತ್ತೆ ಅಂತ ಮೊದಲೇ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ನನಗೆ ತುಂಬಾ ಇಷ್ಟದ ಆ್ಯಪ್‌ಗಳು ಇವೇ. ಫೋಟೊಪಿಲ್ಸ್, ಸನ್ ಸರ್ವೇಯರ್, ಸನ್ ಸೀಕರ್, ಯಾವುದಾದರೂ ಒಂದು ಇರಲಿ. ನಕ್ಷೆಯಲ್ಲಿ ಜಾಗ ಆರಿಸಿ, ತಾರೀಖು ಕೊಟ್ಟರೆ ಸೂರ್ಯ ಹುಟ್ಟುವ ದಿಕ್ಕಿಗೆ ಗೆರೆ ಎಳೆದು ತೋರಿಸುತ್ತವೆ. ಸ್ಥಳಕ್ಕೆ ಹೋಗಿ ಫೋನ್ ಎತ್ತಿ ಹಿಡಿದರೆ ಕ್ಯಾಮರಾ ಚಿತ್ರದ ಮೇಲೆಯೇ ಸೂರ್ಯನ ದಾರಿ ಕಾಣುತ್ತದೆ. ಸೂರ್ಯ ದಿಗಂತಕ್ಕಿಂತ ಸುಮಾರು 4 ಡಿಗ್ರಿ ಕೆಳಗಿನಿಂದ 6 ಡಿಗ್ರಿ ಮೇಲೆ ಬರುವವರೆಗಿನ ಹೊತ್ತನ್ನು ಹೊಂಬೆಳಕಿನ ಹೊತ್ತು ಅನ್ನುತ್ತಾರೆ. ಭೂಮಧ್ಯರೇಖೆಗೆ ಹತ್ತಿರ ಇದ್ದಷ್ಟೂ ಸೂರ್ಯ ನೆಟ್ಟಗೆ ಏರುತ್ತಾನೆ, ಈ ಹೊತ್ತು ಬೇಗ ಮುಗಿಯುತ್ತದೆ.

ಆದರೆ ಆ್ಯಪ್ ಹೇಳುವ ಸೂರ್ಯೋದಯ ಬಯಲಿನ ಲೆಕ್ಕ. ಒಂದು ಕೆರೆಯ ಮೇಲೆ ಮಂಜು ಏಳುವುದನ್ನು ತೆಗೆಯೋಕೆ ಹೋಗಿದ್ದೆ. ಆ್ಯಪ್ ಪ್ರಕಾರ 6.20ಕ್ಕೆ ಸೂರ್ಯ. ಪೂರ್ವಕ್ಕೆ ಗುಡ್ಡ ಇದೆ ಅನ್ನುವುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೊದಲ ಕಿರಣ ನೀರಿಗೆ ಬಿದ್ದಾಗ ಏಳು ಗಂಟೆ ಹತ್ತಿರ, ಅಷ್ಟರಲ್ಲಿ ಮಂಜು ತೆಳ್ಳಗಾಗಿತ್ತು, ಒಂದು ಬ್ಯಾಟರಿ ಕಾಯುವುದರಲ್ಲೇ ಖಾಲಿ. ಈಗ ಹೋಗುವ ಮೊದಲು ಗೂಗಲ್ ಅರ್ಥ್‌ನಲ್ಲಿ ಆ ಜಾಗವನ್ನು ಓರೆ ಮಾಡಿ ತಿರುಗಿಸಿ ನೋಡುತ್ತೇನೆ. ಗುಡ್ಡ ಎಲ್ಲಿ ಅಡ್ಡ ಬರುತ್ತದೆ, ಡ್ರೋನ್ ಯಾವ ಕಡೆಯಿಂದ ಬಂದರೆ ಚೌಕಟ್ಟಿನಲ್ಲಿ ಏನು ಸಿಗುತ್ತದೆ ಅನ್ನುವುದು ಹಾಸಿಗೆಯಲ್ಲಿ ಕೂತೇ ತಿಳಿಯುತ್ತದೆ.

ಆ್ಯಪ್ ಟೇಕಾಫ್‌ಗೆ ಬಿಡ್ತು ಅಂದ್ರೆ ಅಲ್ಲಿ ಹಾರಿಸಬಹುದು ಅಂತ ತಾನೇ ಅರ್ಥ?

ಅಲ್ಲ. ಇದು ತುಂಬಾ ಜನ ಮಾಡುವ ತಪ್ಪು. ಹಾರಾಟದ ಆ್ಯಪ್‌ನಲ್ಲಿ ಕಾಣುವ ಕೆಂಪು, ನೀಲಿ ವಲಯಗಳು ಕಂಪನಿ ಹಾಕಿದವು. ಕಾನೂನು ಹೇಳುವುದು ನೀವಿರುವ ದೇಶದ ವಿಮಾನಯಾನ ಇಲಾಖೆ. 2025ರ ಜನವರಿಯಲ್ಲಿ ಡಿಜೆಐ ಅಮೆರಿಕದಲ್ಲಿ ಟೇಕಾಫ್ ತಡೆಯುವ ಬೀಗವನ್ನೇ ತೆಗೆದು, ಎಚ್ಚರಿಕೆ ಮಾತ್ರ ತೋರಿಸುವಂತೆ ಮಾಡಿತು. ಅಂದರೆ ಡ್ರೋನ್ ಏರುತ್ತದೆ, ಜವಾಬ್ದಾರಿ ಪೂರ್ತಿ ನಮ್ಮದು. ಇಲಾಖೆಯ ಅಧಿಕೃತ ನಕ್ಷೆ ಅಥವಾ ಅದು ಒಪ್ಪಿದ ಆ್ಯಪ್ ನೋಡಿ. ಎಷ್ಟೋ ದೇಶಗಳಲ್ಲಿ ಎತ್ತರದ ಮಿತಿ 120 ಮೀಟರ್ ಆಸುಪಾಸಿನಲ್ಲಿದೆ, 250 ಗ್ರಾಂ ದಾಟಿದರೆ ನಿಯಮ ಬಿಗಿಯಾಗುತ್ತದೆ. ಹಾರುತ್ತಿರುವ ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರೇಡಾರ್24 ಕೂಡ ಇಟ್ಟುಕೊಳ್ಳಿ, ಆದರೆ ಕೆಳಗೆ ಹಾರುವ ಹೆಲಿಕಾಪ್ಟರ್ ಎಲ್ಲವೂ ಅದರಲ್ಲಿ ಕಾಣುವುದಿಲ್ಲ. ಸದ್ದು ಕೇಳಿದ ಕೂಡಲೇ ಕೆಳಗಿಳಿಸಿ.

## ವಿಡಿಯೊ ತೆಗೆಯುವಾಗ

ಕ್ಯಾಮರಾ ಆಟೋದಲ್ಲಿ ಬಿಟ್ರೆ ಸಾಕಲ್ವಾ?

ಫೋಟೊಗೆ ಸಾಕು, ವಿಡಿಯೊಗೆ ಸಾಲದು. ಗದ್ದೆಯಿಂದ ಆಕಾಶದ ಕಡೆ ಕ್ಯಾಮರಾ ಎತ್ತಿದಾಗ ಆಟೋ ನಡುವೆಯೇ ಬೆಳಕು ಇಳಿಸುತ್ತದೆ. ಹಸಿರು ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ಸರಿ ಮಾಡುವುದು ದೊಡ್ಡ ತಲೆನೋವು. ಹಾರಾಟದ ಆ್ಯಪ್‌ನಲ್ಲಿ ಪ್ರೊ ಮೋಡ್‌ಗೆ ಹೋಗಿ ಐಎಸ್ಒ (ಕ್ಯಾಮರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100, ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಒಂದು ಅಂಕಿಗೆ ಗಟ್ಟಿ, ಶಟರ್ ವೇಗ ಫ್ರೇಮ್‌ರೇಟ್‌ನ (ಸೆಕೆಂಡಿಗೆ ಎಷ್ಟು ಚಿತ್ರ) ಎರಡರಷ್ಟು. 25 ಫ್ರೇಮ್ ಆದರೆ 1/50, 30 ಆದರೆ 1/60.

ಆಗ ಬಿಸಿಲಿನಲ್ಲಿ ಚಿತ್ರ ಬಿಳಿಚಿಕೊಳ್ಳುತ್ತದೆ, ಅಲ್ವಾ? ಅದಕ್ಕೇ ಎನ್‌ಡಿ ಫಿಲ್ಟರ್, ಲೆನ್ಸ್‌ಗೆ ತಂಪು ಕನ್ನಡಕ ಇದ್ದ ಹಾಗೆ. ಎಫ್ 2.8 ಲೆನ್ಸ್‌ಗೆ ನಡುಹಗಲಿನ ಬಿಸಿಲಿನಲ್ಲಿ ಶಟರ್ ಸುಮಾರು 1/3200 ಬೇಕಾಗುತ್ತದೆ. ಅದನ್ನು 1/50ಕ್ಕೆ ತರಬೇಕಾದರೆ ಆರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ) ಬೆಳಕು ಕಡಿಮೆ ಮಾಡಬೇಕು, ಅಂದರೆ ಎನ್‌ಡಿ 64. ಎನ್‌ಡಿ 8 ಮೂರು ಸ್ಟಾಪ್, 16 ನಾಲ್ಕು, 32 ಐದು. ಈ ಲೆಕ್ಕಕ್ಕೆ ಫೋಟೊಪಿಲ್ಸ್‌ನಲ್ಲೇ ಕ್ಯಾಲ್ಕುಲೇಟರ್ ಇದೆ. ಹಿಸ್ಟೋಗ್ರಾಮನ್ನು, ಅಂದರೆ ಚಿತ್ರದಲ್ಲಿ ಕತ್ತಲು ಬೆಳಕು ಎಷ್ಟೆಷ್ಟು ಅಂತ ತೋರಿಸುವ ಗ್ರಾಫನ್ನು, ಸದಾ ತೆರೆದಿಡಿ. ಬಿಸಿಲಿನಲ್ಲಿ ಸ್ಕ್ರೀನ್ ಸುಳ್ಳು ಹೇಳುತ್ತದೆ, ಹಿಸ್ಟೋಗ್ರಾಮ್ ಹೇಳುವುದಿಲ್ಲ.

ಫೋನಲ್ಲಿರೋ ವಿಡಿಯೊ ಮಸುಕು ಮಸುಕಾಗಿದೆ. 4ಕೆ ಡ್ರೋನ್ ಅಂತ ಸುಳ್ಳು ಹೇಳಿ ಮಾರಿದ್ರಾ?

ಇಲ್ಲ. ಹಾರುವಾಗ ಸ್ಕ್ರೀನ್‌ನಲ್ಲಿ ಕಂಡ ಚಿತ್ರದ ನಕಲು ಮಾತ್ರ ಫೋನಿನಲ್ಲಿ ಉಳಿದಿರುತ್ತದೆ. ಅಸಲಿ 4ಕೆ ಇರುವುದು ಡ್ರೋನ್ ಒಳಗಿನ ಮೈಕ್ರೊ ಎಸ್‌ಡಿ ಕಾರ್ಡ್‌ನಲ್ಲಿ. ಅದನ್ನು ಕಾರ್ಡ್ ರೀಡರ್‌ನಿಂದ ತೆಗೆದುಕೊಳ್ಳಿ, ಇಲ್ಲವೇ ಆ್ಯಪ್‌ನ ಆಲ್ಬಮ್‌ನಿಂದ ವೈಫೈ ಮೂಲಕ ಇಳಿಸಿಕೊಳ್ಳಿ. ಕಾರ್ಡ್ ಮೇಲೆ ವಿ30 ಅಂತ ಇರಲಿ, ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ ಅನ್ನುವ ಗುರುತು ಅದು.

ಫೋನಲ್ಲೇ ಎಡಿಟ್ ಮಾಡೋಕೆ ಯಾವುದು ಒಳ್ಳೇದು?

ಚಿಕ್ಕ ವಿಡಿಯೊಗೆ ಕ್ಯಾಪ್‌ಕಟ್, ವಿಎನ್, ಕೈನ್‌ಮಾಸ್ಟರ್ ಇವುಗಳಲ್ಲಿ ಕೈಗೆ ಒಗ್ಗಿದ್ದು. ಗಂಭೀರವಾಗಿ ಮಾಡುವವರಿಗೆ ಲೂಮಾಫ್ಯೂಷನ್. ಐಪ್ಯಾಡ್ ಇದ್ದರೆ ಡಾವಿಂಚಿ ರಿಸಾಲ್ವ್ ಹಾಕಿ, ಬಣ್ಣದ ಕೆಲಸಕ್ಕೆ ನನಗೆ ಅದಕ್ಕಿಂತ ಹಿಡಿಸಿದ್ದು ಬೇರೆ ಇಲ್ಲ. ಫೋಟೊವನ್ನು ರಾ (ಕ್ಯಾಮರಾ ತಿದ್ದದ ಕಚ್ಚಾ ಫೈಲ್) ರೂಪದಲ್ಲಿ ತೆಗೆದಿದ್ದರೆ ಲೈಟ್‌ರೂಮ್ ಅಥವಾ ಸ್ನ್ಯಾಪ್‌ಸೀಡ್. ಆ್ಯಪ್ ಬದಲಿಸುವ ಮೊದಲು ನಿಮ್ಮ ಶಾಟ್ ನೋಡಿ: ರೆಕಾರ್ಡ್ ಒತ್ತಿದ ಮೇಲೆ ಐದು ಸೆಕೆಂಡ್ ಸುಮ್ನೆ ನಿಂತು ಆಮೇಲೆ ಡ್ರೋನ್ ಸರಿಸಿದ್ದೀರಾ? ಕೊನೆಯಲ್ಲೂ ಐದು ಸೆಕೆಂಡ್ ಬಿಟ್ಟಿದ್ದೀರಾ? ಕತ್ತರಿಸೋಕೆ ಜಾಗ ಇಲ್ಲದ ಶಾಟ್‌ಗೆ ಯಾವ ಆ್ಯಪೂ ಏನೂ ಮಾಡುವುದಿಲ್ಲ.

## ಕೈ ಪಳಗಿದವರಿಗೆ

ಲಿಚಿ, ಡ್ರೋನ್‌ಲಿಂಕ್ ಅಂತಾರಲ್ಲ, ನನ್ನ ಡ್ರೋನ್‌ಗೂ ಆಗುತ್ತಾ?

ಡ್ರೋನ್ ಕಂಪನಿ ಹೊರಗಿನ ಆ್ಯಪ್‌ಗಳಿಗೆ ಬಾಗಿಲು ತೆರೆದಿದ್ದರೆ ಆಗುತ್ತದೆ. ಆ ಬಾಗಿಲಿಗೆ ಎಸ್‌ಡಿಕೆ ಅನ್ನುತ್ತಾರೆ. ಡ್ರೋನ್ ಹೊಸದಾದಷ್ಟೂ ಇದು ತಡವಾಗಿ ಬರುತ್ತದೆ, ಕೆಲವು ಮಾಡೆಲ್‌ಗೆ ಬರುವುದೇ ಇಲ್ಲ. ದುಡ್ಡು ಕೊಡುವ ಮೊದಲು ಆ್ಯಪ್‌ನವರ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹೆಸರು ಅಕ್ಷರ ಅಕ್ಷರ ಇದೆಯಾ ನೋಡಿ. ಮಿನಿ 3 ಬೇರೆ, ಮಿನಿ 3 ಪ್ರೊ ಬೇರೆ. ಇವುಗಳ ದೊಡ್ಡ ಉಪಯೋಗ ವೇಪಾಯಿಂಟ್. ದಾರಿಯನ್ನು ಮನೆಯಲ್ಲೇ ನಕ್ಷೆಯ ಮೇಲೆ ಬರೆದಿಟ್ಟರೆ ಡ್ರೋನ್ ಅದೇ ದಾರಿಯಲ್ಲಿ ಎಷ್ಟು ಸಲ ಬೇಕಾದರೂ ಹೋಗಿ ಬರುತ್ತದೆ. ಒಂದೇ ತೋಟವನ್ನು ಬಿತ್ತನೆಯಿಂದ ಕೊಯ್ಲಿನವರೆಗೆ ಒಂದೇ ಕೋನದಲ್ಲಿ ತೋರಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಏರ್ 3, ಮಿನಿ 4 ಪ್ರೊ, ಮ್ಯಾವಿಕ್ 3 ಇದ್ದವರು ಬೇರೆ ಆ್ಯಪ್ ಹುಡುಕುವ ಮೊದಲು ಡಿಜೆಐ ಫ್ಲೈನಲ್ಲೇ ಇರುವ ವೇಪಾಯಿಂಟ್ ನೋಡಿ.

ವೇಪಾಯಿಂಟ್‌ನಲ್ಲಿ 40 ಮೀಟರ್ ಎತ್ತರ ಕೊಟ್ಟಿದ್ದೆ, ಆದ್ರೂ ಮರಕ್ಕೆ ಹೊಡೀತು. ಆ್ಯಪ್ ತಪ್ಪಾ?

ಆ್ಯಪ್ ಸರಿಯಾಗಿಯೇ ಇದೆ. 40 ಅನ್ನುವುದು ನೀವು ಡ್ರೋನ್ ಏರಿಸಿದ ಜಾಗದಿಂದ 40, ಡ್ರೋನ್ ಕೆಳಗಿನ ನೆಲದಿಂದ ಅಲ್ಲ. ನೀವು ಗುಡ್ಡದ ಬುಡದಲ್ಲಿ ನಿಂತಿದ್ದೀರಿ, ಡ್ರೋನ್ ಏರಿನ ಕಡೆ ಹೋಯಿತು, ಅಲ್ಲಿ ನೆಲ 25 ಮೀಟರ್ ಮೇಲೆ ಬಂದಿದೆ. ಉಳಿದದ್ದು 15 ಮೀಟರ್. ಮರ 18 ಮೀಟರ್. ಸ್ಕ್ರೀನ್‌ನಲ್ಲಿ ಕೊನೆಯವರೆಗೂ 40 ಅಂತಲೇ ಇರುತ್ತದೆ.

ಲಿಚಿಯಲ್ಲಿ ನೆಲದಿಂದ ಎತ್ತರ ಲೆಕ್ಕ ಹಾಕುವ ಆಯ್ಕೆ ಇದೆ, ಏರುತಗ್ಗಿನ ಜಾಗದಲ್ಲಿ ಅದನ್ನು ಹಾಕಿಕೊಳ್ಳಿ. ಆದರೆ ಆ ನೆಲದ ಮಾಹಿತಿಯಲ್ಲಿ ಮರ, ಟವರ್, ವಿದ್ಯುತ್ ತಂತಿ ಇರುತ್ತವೆ ಅಂತ ನಂಬಬೇಡಿ. ನಾನು ಮಾಡುವುದು ಹೀಗೆ: ಗೂಗಲ್ ಅರ್ಥ್‌ನಲ್ಲಿ ಏರಿಸುವ ಜಾಗದ ಎತ್ತರ, ದಾರಿಯಲ್ಲಿ ಅತಿ ಮೇಲಿರುವ ಜಾಗದ ಎತ್ತರ ಬರೆದುಕೊಂಡು ಕಳೆಯುತ್ತೇನೆ, ಅದಕ್ಕೆ ಮರದ ಎತ್ತರ ಸೇರಿಸಿ, ಮೇಲೆ ಇನ್ನೂ 20 ಮೀಟರ್ ಬಿಡುತ್ತೇನೆ. ಮಿತಿ ದಾಟುವ ಹಾಗಿದ್ದರೆ ಆ ದಾರಿಯೇ ಬೇಡ, ಗುಡ್ಡದ ಮೇಲೆ ಹೋಗಿ ಅಲ್ಲಿಂದ ಏರಿಸುತ್ತೇನೆ. ಮೊದಲ ಸಲ ಇಡೀ ದಾರಿಯನ್ನು ಸ್ಟಿಕ್ ಹಿಡಿದು ನಿಧಾನಕ್ಕೆ ಹಾರಿಸಿ ನೋಡುತ್ತೇನೆ. ವಾಪಸ್ ಬರುವ ಎತ್ತರಕ್ಕೂ ಇದೇ ಲೆಕ್ಕ, ಅದೂ ಏರಿಸಿದ ಜಾಗದಿಂದಲೇ ಅಳೆಯುವುದು.

ಜಮೀನಿನ ನಕ್ಷೆ ಮಾಡೋಕೆ ಯಾವ ಆ್ಯಪ್?

ಪಿಕ್ಸ್4ಡಿ ಕ್ಯಾಪ್ಚರ್ ಅಥವಾ ಡ್ರೋನ್‌ಡಿಪ್ಲಾಯ್. ಗಡಿ ಗುರುತಿಸಿದರೆ ಡ್ರೋನ್ ನೇಗಿಲ ಸಾಲಿನ ಹಾಗೆ ಹೋಗಿ ಬಂದು ಫೋಟೊ ತೆಗೆಯುತ್ತದೆ. ಒಂದು ಫೋಟೊ ಮುಂದಿನ ಫೋಟೊವನ್ನು ಶೇಕಡ 70ರಿಂದ 80ರಷ್ಟು ಮುಚ್ಚುವಂತೆ ಇಡಿ, ಇಲ್ಲದಿದ್ದರೆ ಫೋಟೊಗಳನ್ನು ಸೇರಿಸಿ ನಕ್ಷೆ ಮಾಡುವಾಗ ಹೊಲಿಗೆ ಬಿಟ್ಟುಹೋಗುತ್ತದೆ. ಗಾಳಿಗೆ ಬೆಳೆ ತೂಗಾಡುವ ಹೊತ್ತಿನಲ್ಲಿ ತೆಗೆಯಬೇಡಿ.

ನಾನೇ ಕಟ್ಟಿದ ಡ್ರೋನ್‌ಗೆ?

ಹಾರಾಟ ನಿಯಂತ್ರಿಸುವ ಸಾಫ್ಟ್‌ವೇರ್ ಆರ್ಡುಪೈಲಟ್ ಅಥವಾ ಪಿಎಕ್ಸ್4 ಆಗಿದ್ದರೆ ಕ್ಯೂಗ್ರೌಂಡ್‌ಕಂಟ್ರೋಲ್. ಉಚಿತ, ಸೋರ್ಸ್ ಕೋಡ್ ತೆರೆದೇ ಇದೆ, ಫೋನಿನಲ್ಲೂ ಓಡುತ್ತದೆ. ಬೀಟಾಫ್ಲೈಟ್ ಹಾಕಿದ ಎಫ್‌ಪಿವಿ (ಡ್ರೋನ್ ಕ್ಯಾಮರಾ ಕಂಡದ್ದನ್ನೇ ನೋಡುತ್ತ ಹಾರಿಸುವ) ಡ್ರೋನ್ ಆದರೆ ಸ್ಪೀಡಿಬೀ ಆ್ಯಪ್‌ನಿಂದ ಬಯಲಿನಲ್ಲೇ ಸೆಟ್ಟಿಂಗ್ ತಿದ್ದಬಹುದು, ಲ್ಯಾಪ್‌ಟಾಪ್ ಹೊರಬೇಕಿಲ್ಲ. ಮನೆಯಲ್ಲಿ ಮೋಟರ್ ಪರೀಕ್ಷಿಸುವಾಗ ಪ್ರೊಪೆಲ್ಲರ್ ಬಿಚ್ಚಿಡಿ.

ಫ್ಲೈಟ್ ಲಾಗ್ ಇಟ್ಕೊಂಡು ಏನು ಪ್ರಯೋಜನ?

ಪ್ರತಿ ಹಾರಾಟದ ವಿವರವನ್ನು ಆ್ಯಪ್ ತಾನೇ ಬರೆದಿಡುವ ದಾಖಲೆ ಅದು. ಎರಡು ಪ್ರಯೋಜನ. ಒಂದು ಬ್ಯಾಟರಿ. ಏರ್‌ಡೇಟಾ ಅನ್ನುವ ಸೇವೆಗೆ ಲಾಗ್ ಕೊಟ್ಟರೆ ಒಂದೊಂದು ಬ್ಯಾಟರಿಯ ಒಂದೊಂದು ಸೆಲ್‌ನ ವೋಲ್ಟೇಜ್ ಬಿಡಿಸಿ ತೋರಿಸುತ್ತದೆ. ಸೆಲ್‌ಗಳ ನಡುವಿನ ವ್ಯತ್ಯಾಸ 0.1 ವೋಲ್ಟ್ ದಾಟಿ ಮತ್ತೆ ಮತ್ತೆ ಕಂಡರೆ ಆ ಬ್ಯಾಟರಿಯನ್ನು ನಾನು ದೂರಕ್ಕೆ ಕಳಿಸುವುದಿಲ್ಲ, ನೀರಿನ ಮೇಲಂತೂ ಇಲ್ಲವೇ ಇಲ್ಲ. ಶೇಕಡ 30 ಇದೆ ಅಂತ ತೋರಿಸುತ್ತಿದ್ದ ಬ್ಯಾಟರಿ ಒಂದೇ ಏಟಿಗೆ ಕುಸಿಯುವುದು ಇಂಥ ಸೆಲ್‌ನಿಂದಲೇ.

ಇನ್ನೊಂದು, ಕಳೆದುಹೋದ ಡ್ರೋನ್ ಹುಡುಕುವುದು. ಡಿಜೆಐ ಫ್ಲೈನಲ್ಲಿ ಫೈಂಡ್ ಮೈ ಡ್ರೋನ್ ತೆರೆದರೆ ಕೊನೆಗೆ ಸಿಗ್ನಲ್ ಸಿಕ್ಕ ಜಾಗ ನಕ್ಷೆಯಲ್ಲಿ ಇರುತ್ತದೆ. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಆಮೇಲೆ ರಿಮೋಟ್ ಆನ್ ಇಟ್ಟುಕೊಂಡೇ ಆ ಕಡೆ ನಡೆಯಿರಿ. ಡ್ರೋನ್ ಬ್ಯಾಟರಿಯಲ್ಲಿ ಜೀವ ಇದ್ದರೆ ಹತ್ತಿರ ಹೋದಾಗ ಸಂಪರ್ಕ ಮತ್ತೆ ಸಿಗುತ್ತದೆ, ಆ್ಯಪ್‌ನಿಂದಲೇ ಅದರ ದೀಪ ಮಿನುಗಿಸಿ ಬೀಪ್ ಸದ್ದು ಮಾಡಿಸಬಹುದು. ಲಾಗ್‌ನಲ್ಲಿ ಕೊನೆಯ ಸೆಕೆಂಡುಗಳ ದಿಕ್ಕು, ಎತ್ತರ ನೋಡಿ: 30 ಮೀಟರ್ ಎತ್ತರದಲ್ಲಿ ಸಾಗುತ್ತಿರುವಾಗ ಸಂಪರ್ಕ ಕಡಿದಿದ್ದರೆ ಡ್ರೋನ್ ನಕ್ಷೆಯ ಚುಕ್ಕಿಯಲ್ಲಿ ಇರುವುದಿಲ್ಲ, ಅದು ಹೋಗುತ್ತಿದ್ದ ದಿಕ್ಕಿನಲ್ಲಿ ಇನ್ನಷ್ಟು ಮುಂದೆ ಇರುತ್ತದೆ. ನೆಲ ನೋಡಿಕೊಂಡು ಹೋಗುವಾಗ ಮರದ ಕೊಂಬೆಗಳನ್ನೂ ನೋಡುತ್ತಾ ಹೋಗಿ.